40 ಅರ್ಜಿ ಹಾಕಿದೆ, ಒಂದು ಫೋನೂ ಬರಲಿಲ್ಲ. ಸಿವಿಯಲ್ಲಿ ತಪ್ಪು ಎಲ್ಲಿದೆ? ಕವರ್ ಲೆಟರ್ ಯಾರಾದರೂ ಓದುತ್ತಾರಾ?

ಹೊಸದಾರಿ

ಎಲ್ಲರಿಗೂ ನಮಸ್ಕಾರ. ಒಂದು ಗೋದಾಮಿನಲ್ಲಿ 4 ವರ್ಷ ಸ್ಟಾಕ್ ನೋಡಿಕೊಳ್ಳುತ್ತಿದ್ದೆ. ಆಮೇಲೆ ಅಮ್ಮನಿಗೆ ಹುಷಾರಿಲ್ಲದೆ 14 ತಿಂಗಳು ಕೆಲಸ ಬಿಟ್ಟು ಅವರ ಜೊತೆಗಿದ್ದೆ. ಈಗ ಅವರು ಚೆನ್ನಾಗಿದ್ದಾರೆ. ಇನ್ನು ಇನ್ವೆಂಟರಿ ಪ್ಲಾನಿಂಗ್ ಕಡೆ ಹೋಗಬೇಕು ಅಂತ ಆಸೆ. ಯಾವ ಸಾಮಾನು ಎಷ್ಟು ತರಿಸಬೇಕು, ಯಾವಾಗ ತರಿಸಬೇಕು ಅಂತ ಲೆಕ್ಕ ಹಾಕುವ ಕೆಲಸ. ನನಗೆ ಅದು ತುಂಬಾ ಇಷ್ಟ.

ಎರಡು ತಿಂಗಳಲ್ಲಿ 40 ಅರ್ಜಿ ಹಾಕಿದ್ದೇನೆ. ಒಂದು ಕಡೆಯಿಂದಲೂ ಕರೆ ಬಂದಿಲ್ಲ. ಸಿವಿ 3 ಪುಟ ಇದೆ. ಇಂಟರ್ನೆಟ್‌ನಲ್ಲಿ ಸಿಕ್ಕ ಒಂದು ಟೆಂಪ್ಲೇಟ್ ಬಳಸಿದ್ದೇನೆ. ಎಡಗಡೆ ನೀಲಿ ಪಟ್ಟಿ, ಅದರಲ್ಲಿ ಫೋಟೋ, ಕೆಳಗೆ ಎಕ್ಸೆಲ್ 80%, ಸಂವಹನ 90% ಅಂತ ಬಾರ್‌ಗಳು. ಮೇಲೆ ಕರಿಯರ್ ಆಬ್ಜೆಕ್ಟಿವ್ ಇದೆ. ಕವರ್ ಲೆಟರ್ ಒಂದೇ, ಕಂಪನಿಯ ಹೆಸರು ಮಾತ್ರ ಬದಲಾಯಿಸುತ್ತೇನೆ.

ಸಿವಿ ಎಷ್ಟು ಪುಟ ಇರಬೇಕು? ಫೋಟೋ ಬೇಕಾ? 14 ತಿಂಗಳ ಗ್ಯಾಪ್ ಹೇಗೆ ಬರೆಯಲಿ? ದಯವಿಟ್ಟು ನೇರವಾಗಿ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಅರ್ಜಿ ಓದುವವಳು

ನಾನು 11 ವರ್ಷದಿಂದ ನೇಮಕಾತಿ ವಿಭಾಗದಲ್ಲಿದ್ದೇನೆ. ದಿನಾ ಸಿವಿ ಓದುವುದೇ ಕೆಲಸ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲ ನೋಟದಲ್ಲಿ ನಾವು ಓದುವುದಿಲ್ಲ, ಕಣ್ಣಾಡಿಸುತ್ತೇವೆ. ಲ್ಯಾಡರ್ಸ್ ಅನ್ನುವ ಉದ್ಯೋಗ ಸಂಸ್ಥೆ 2012ರಲ್ಲಿ 30 ಜನ ನೇಮಕಾತಿಯವರ ಕಣ್ಣು ಪುಟದ ಮೇಲೆ ಎಲ್ಲೆಲ್ಲಿ ಓಡುತ್ತದೆ ಅಂತ ಉಪಕರಣ ಇಟ್ಟು ನೋಡಿತ್ತು. ಮೊದಲ ನೋಟಕ್ಕೆ ಸಿಕ್ಕಿದ್ದು ಸುಮಾರು 6 ಸೆಕೆಂಡ್. 2018ರಲ್ಲಿ ಮತ್ತೆ ನೋಡಿದಾಗ 7.4 ಸೆಕೆಂಡ್. ಅಷ್ಟರಲ್ಲಿ ಕಣ್ಣು ಹೋಗಿದ್ದು ಹೆಸರು, ಈಗಿನ ಹುದ್ದೆ, ಹಿಂದಿನ ಹುದ್ದೆ, ತಾರೀಖುಗಳು, ಓದು, ಇವುಗಳ ಮೇಲೆ. ನನ್ನ ಅನುಭವವೂ ಹೆಚ್ಚು ಕಡಿಮೆ ಹಾಗೇ ಇದೆ. ಇದನ್ನು ಓದಿ ಹೆದರಬೇಡಿ. ಆ 7 ಸೆಕೆಂಡಿನಲ್ಲಿ ನಾವು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಕೆಲಸಕ್ಕೆ ಹತ್ತಿರದ ಕೆಲಸ ಇವರು ಮಾಡಿದ್ದಾರಾ? ಹೌದು ಅನ್ನಿಸಿದರೆ ವಾಪಸ್ ಬಂದು ಸಮಾಧಾನವಾಗಿ ಓದುತ್ತೇವೆ.

ನಿಮ್ಮ ಸಿವಿಯಲ್ಲಿ ಆ ಜಾಗದಲ್ಲಿ ಫೋಟೋ ಮತ್ತು ಬಾರ್‌ಗಳು ಕೂತಿವೆ. ಎಕ್ಸೆಲ್ 80% ಅಂದರೆ ಏನು? ಯಾವುದರಲ್ಲಿ 80? ಇದರಿಂದ ನನಗೆ ಏನೂ ಗೊತ್ತಾಗುವುದಿಲ್ಲ. ‘ಪಿವಟ್ ಟೇಬಲ್, ಲುಕಪ್ ಬಳಸಿ ವಾರದ ಸ್ಟಾಕ್ ವರದಿ ಮಾಡುತ್ತಿದ್ದೆ’ ಅಂದರೆ ತಕ್ಷಣ ಗೊತ್ತಾಗುತ್ತದೆ.

ಕರಿಯರ್ ಆಬ್ಜೆಕ್ಟಿವ್ ತೆಗೆಯಿರಿ. ಅದು ನಿಮಗೆ ಏನು ಬೇಕು ಅಂತ ಹೇಳುತ್ತದೆ. ಅಲ್ಲಿ ನೀವು ಯಾರು, ಏನು ಮಾಡಬಲ್ಲಿರಿ ಅಂತ ಮೂರು ಸಾಲು ಬರೆಯಿರಿ.

ಈಗ ಒಂದು ಕೆಲಸ ಮಾಡಿ. ಗೋದಾಮಿನ ಕೆಲಸದ ಬಗ್ಗೆ ಸಿವಿಯಲ್ಲಿ ಬರೆದ ಮೊದಲ ಸಾಲನ್ನು ಇಲ್ಲಿ ಹಾಕಿ. ಇದ್ದ ಹಾಗೇ.

ಕೋಡುಬರಹ

ಮೇಡಂ ಹೇಳಿದ್ದಕ್ಕೆ ಒಂದು ತಾಂತ್ರಿಕ ವಿಷಯ ಸೇರಿಸುತ್ತೇನೆ. ನಾನು ಸಾಫ್ಟ್‌ವೇರ್ ಕೆಲಸದವನು.

ಸ್ವಲ್ಪ ದೊಡ್ಡ ಕಂಪನಿಗಳಲ್ಲಿ ಅರ್ಜಿ ಮೊದಲು ಹೋಗುವುದು ಎಟಿಎಸ್ ಅನ್ನುವ ತಂತ್ರಾಂಶಕ್ಕೆ. ಅದು ಫೈಲಿನಿಂದ ಅಕ್ಷರಗಳನ್ನು ಎತ್ತಿಕೊಂಡು ಹೆಸರು, ಫೋನ್, ಹುದ್ದೆ, ವರ್ಷ ಅಂತ ಬೇರೆ ಬೇರೆ ಖಾನೆಗೆ ತುಂಬುತ್ತದೆ. ಎರಡು ಕಾಲಂ ಇದ್ದರೆ ಕೆಲವು ತಂತ್ರಾಂಶಗಳು ಎಡದ ಸಾಲು, ಬಲದ ಸಾಲು ಸೇರಿಸಿ ಅಡ್ಡಡ್ಡ ಓದಿಬಿಡುತ್ತವೆ. ಚಿತ್ರದೊಳಗಿನ ಅಕ್ಷರ ಅದಕ್ಕೆ ಕಾಣದೆ ಹೋಗಬಹುದು. ಹೆಡರ್, ಫೂಟರ್‌ನಲ್ಲಿ ಬರೆದದ್ದು ಕೆಲವೊಮ್ಮೆ ಬಿಟ್ಟುಹೋಗುತ್ತದೆ.

ಪರೀಕ್ಷೆ ಸುಲಭ. ನಿಮ್ಮ ಪಿಡಿಎಫ್ ತೆರೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಅಲ್ಲಿ ಓದಲು ಬರುವಂತಿದ್ದರೆ ಬಹುತೇಕ ಸರಿ ಇದೆ ಅಂತ ಅರ್ಥ.

ಇನ್ನೊಂದು ಮಾತು. ನೂರರಲ್ಲಿ 75 ಸಿವಿಗಳನ್ನು ಎಟಿಎಸ್ ತಾನೇ ತಿರಸ್ಕರಿಸುತ್ತದೆ ಅಂತ ಎಲ್ಲ ಕಡೆ ಓಡಾಡುತ್ತಿದೆ. ಆ ಸಂಖ್ಯೆಗೆ ಗಟ್ಟಿ ಆಧಾರ ಇಲ್ಲ. ಅದನ್ನು ನಂಬಿ ಬಿಳಿ ಅಕ್ಷರದಲ್ಲಿ ಕೀವರ್ಡ್, ಅಂದರೆ ಜಾಹೀರಾತಿನ ಮುಖ್ಯ ಪದಗಳನ್ನು, ಅಡಗಿಸುವ ಕೆಲಸಕ್ಕೆ ಮಾತ್ರ ಹೋಗಬೇಡಿ. ತಂತ್ರಾಂಶ ಅಕ್ಷರ ಎತ್ತಿಕೊಂಡಾಗ ಬಣ್ಣ ಹೋಗುತ್ತದೆ, ಅಡಗಿಸಿದ್ದೆಲ್ಲ ಓದುವವರ ಕಣ್ಣ ಮುಂದೆ ಬರುತ್ತದೆ.

ಹೊಸದಾರಿ

ನೋಟ್‌ಪ್ಯಾಡ್ ಪರೀಕ್ಷೆ ಈಗಷ್ಟೇ ಮಾಡಿದೆ. ಕೈಕಾಲು ತಣ್ಣಗಾಯಿತು. ‘ಸ್ಟಾಕ್ ಸಹಾಯಕಿ ಸಂವಹನ 2019 ಎಕ್ಸೆಲ್ ರಿಂದ’ ಅಂತ ಬರುತ್ತಿದೆ. ಫೋನ್ ನಂಬರ್ ಕಾಣಿಸುತ್ತಲೇ ಇಲ್ಲ, ಅದು ಚಿತ್ರದೊಳಗೆ ಇತ್ತು. 40 ಕಡೆ ಇದನ್ನೇ ಕಳಿಸಿದ್ದೇನೆ.

ಮೇಡಂ, ನೀವು ಕೇಳಿದ ಸಾಲು ಇದು: ‘ದೈನಂದಿನ ಸ್ಟಾಕ್ ನಿರ್ವಹಣೆಯ ಸಂಪೂರ್ಣ ಜವಾಬ್ದಾರಿಯನ್ನು ಯಶಸ್ವಿಯಾಗಿ ನಿಭಾಯಿಸಿದ್ದೇನೆ.’

ಅರ್ಜಿ ಓದುವವಳು

ಥ್ಯಾಂಕ್ಸ್. ಈ ಸಾಲನ್ನು ಗೋದಾಮಿನಲ್ಲಿ ಕೆಲಸ ಮಾಡಿದ ಯಾರು ಬೇಕಾದರೂ ಬರೆಯಬಹುದು, ಅಲ್ವಾ? ನೀವು ಬರೆದರೂ ಅದೇ, ನಿಮ್ಮ ಪಕ್ಕದವರು ಬರೆದರೂ ಅದೇ. ಇದು ಹುದ್ದೆಯ ವಿವರ. ನೀವು ಇದರಲ್ಲಿ ಕಾಣುತ್ತಿಲ್ಲ.

ಕೆಲವು ಪ್ರಶ್ನೆ ಕೇಳುತ್ತೇನೆ. ಎಷ್ಟು ಐಟಂ ಇದ್ದವು? ಎಣಿಕೆ ಎಷ್ಟು ದಿನಕ್ಕೊಮ್ಮೆ? ಲೆಕ್ಕದಲ್ಲಿ ಇರುವುದಕ್ಕೂ ಕಪಾಟಿನಲ್ಲಿ ಇರುವುದಕ್ಕೂ ತಾಳೆ ಆಗದಿದ್ದಾಗ ಏನು ಮಾಡುತ್ತಿದ್ದಿರಿ? ನೀವು ಸೇರುವ ಮೊದಲು ಹೇಗಿತ್ತು, ಬಿಡುವಾಗ ಹೇಗಿತ್ತು?

ಹೊಸದಾರಿ

ಸುಮಾರು 2,300 ಐಟಂ. ನಾನು ಸೇರಿದಾಗ ವರ್ಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಎಣಿಸುತ್ತಿದ್ದರು. ಅದಕ್ಕೆ 3 ದಿನ ಗೋದಾಮು ಮುಚ್ಚಬೇಕಿತ್ತು. ನನಗೆ ಅದು ಸರಿ ಅನ್ನಿಸಲಿಲ್ಲ. ದುಬಾರಿ ಸಾಮಾನು, ಬೇಗ ಖಾಲಿಯಾಗುವ ಸಾಮಾನು ಇವನ್ನು ಬೇರೆ ಪಟ್ಟಿ ಮಾಡಿ ವಾರಕ್ಕೊಮ್ಮೆ ಎಣಿಸಲು ಶುರು ಮಾಡಿದೆ. ಮಧ್ಯಮದವು ತಿಂಗಳಿಗೊಮ್ಮೆ. ಉಳಿದವು ಮೂರು ತಿಂಗಳಿಗೊಮ್ಮೆ. ಒಂದು ಎಕ್ಸೆಲ್ ಶೀಟ್ ಮಾಡಿದ್ದೆ, ಬೆಳಿಗ್ಗೆ ತೆರೆದರೆ ಇವತ್ತು ಯಾವ ಕಪಾಟು ಎಣಿಸಬೇಕು ಅಂತ ತೋರಿಸುತ್ತಿತ್ತು. ತಾಳೆ ಆಗದ ಐಟಂ ನೂರಕ್ಕೆ 9 ಇದ್ದದ್ದು ಒಂದು ವರ್ಷದಲ್ಲಿ 3ಕ್ಕೆ ಬಂತು. ಆಮೇಲೆ ವರ್ಷದ ಎಣಿಕೆಗೆ ಗೋದಾಮು ಮುಚ್ಚುವುದನ್ನೇ ನಿಲ್ಲಿಸಿದರು.

ಇದನ್ನೆಲ್ಲ ಸಿವಿಯಲ್ಲಿ ಬರೆಯಬಹುದು ಅಂತ ನನಗೆ ಹೊಳೆದಿರಲಿಲ್ಲ. ಸುಮ್ನೆ ಕೆಲಸ ಸುಲಭ ಆಗಲಿ ಅಂತ ಮಾಡಿದ್ದು.

ಅರ್ಜಿ ಓದುವವಳು

ನೀವು ಮಾಡಿದ್ದಕ್ಕೆ ಹೆಸರಿದೆ. ಸಾಮಾನನ್ನು ಮೂರು ಗುಂಪು ಮಾಡುವುದಕ್ಕೆ ಎಬಿಸಿ ಅನಾಲಿಸಿಸ್ ಅನ್ನುತ್ತಾರೆ. ಸ್ವಲ್ಪ ಸ್ವಲ್ಪವೇ ವರ್ಷವಿಡೀ ಎಣಿಸುವುದಕ್ಕೆ ಸೈಕಲ್ ಕೌಂಟ್ ಅನ್ನುತ್ತಾರೆ. ಇನ್ವೆಂಟರಿ ಪ್ಲಾನಿಂಗ್ ಜಾಹೀರಾತುಗಳನ್ನು ಮತ್ತೆ ತೆಗೆದು ನೋಡಿ, ಈ ಎರಡು ಮಾತು ಎಷ್ಟು ಸಲ ಇವೆ ಅಂತ. ಅವರು ಕೇಳುತ್ತಿರುವುದನ್ನು ನೀವು ಆಗಲೇ ಮಾಡಿ ಮುಗಿಸಿದ್ದೀರಿ. ಅವರ ಮಾತಿನಲ್ಲಿ ಹೇಳಿಲ್ಲ, ಅಷ್ಟೇ.

ನಾನಾದರೆ ಹೀಗೆ ಬರೆಯುತ್ತಿದ್ದೆ:

‘2,300 ಐಟಂಗಳಿಗೆ ಎಬಿಸಿ ಅನಾಲಿಸಿಸ್ ಮಾಡಿ ಸೈಕಲ್ ಕೌಂಟ್ ಪದ್ಧತಿ ಶುರು ಮಾಡಿದೆ. ಲೆಕ್ಕ ತಾಳೆಯಾಗದ ಐಟಂಗಳು ಒಂದು ವರ್ಷದಲ್ಲಿ 9%ರಿಂದ 3%ಕ್ಕೆ ಇಳಿದವು. ವಾರ್ಷಿಕ ಎಣಿಕೆಗೆ 3 ದಿನ ಗೋದಾಮು ಮುಚ್ಚುವುದು ನಿಂತಿತು.’

ಯಶಸ್ವಿಯಾಗಿ ಅನ್ನುವ ಪದವೇ ಬೇಕಾಗಲಿಲ್ಲ, ನೋಡಿ. ಗೂಗಲ್‌ನಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ ಇದನ್ನೇ ಒಂದು ಸೂತ್ರದ ಹಾಗೆ ಹೇಳುತ್ತಿದ್ದರು: ಏನು ಸಾಧಿಸಿದೆ, ಅದರ ಅಳತೆ ಏನು, ಹೇಗೆ ಮಾಡಿದೆ. ಎಲ್ಲ ಸಾಲಿಗೂ ಇದು ಹೊಂದುವುದಿಲ್ಲ. ಆದರೆ ಪ್ರತಿ ಕೆಲಸಕ್ಕೆ ಇಂಥ ಎರಡು ಮೂರು ಸಾಲು ಇದ್ದರೆ ಸಾಕು.

ಒಂದು ಎಚ್ಚರಿಕೆ. ಜಾಹೀರಾತಿನ ಮಾತನ್ನು ಎತ್ತಿಕೊಳ್ಳಬೇಕಾದದ್ದು ನೀವು ಆ ಕೆಲಸ ಮಾಡಿದ್ದರೆ ಮಾತ್ರ. ಇಂಟರ್ವ್ಯೂನಲ್ಲಿ ‘ಎ ಗುಂಪಿಗೆ ಯಾವುದನ್ನು ಹಾಕಿದಿರಿ, ಯಾಕೆ?’ ಅಂತ ಕೇಳುತ್ತಾರೆ. ನಿಮಗೆ ಉತ್ತರ ಗೊತ್ತಿದೆ. ಗೊತ್ತಿಲ್ಲದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಮೊದಲ ಹೆಜ್ಜೆ

ನಾನು ಫ್ರೆಶರ್. ನನ್ನ ಹತ್ತಿರ ಇಂಥ ಅಂಕಿ ಯಾವುದೂ ಇಲ್ಲ. ನಾನೇನು ಬರೆಯಲಿ?

ಅರ್ಜಿ ಓದುವವಳು

ಪ್ರಾಜೆಕ್ಟ್ ಮಾಡಿದ್ದೀರಲ್ಲ? ಎಷ್ಟು ಜನರ ತಂಡ, ಅದರಲ್ಲಿ ನಿಮ್ಮ ಪಾಲು ಯಾವುದು, ಕೊನೆಗೆ ಏನು ಓಡಿತು ಅಥವಾ ಏನು ಓಡಲಿಲ್ಲ, ಅದನ್ನು ಬರೆಯಿರಿ. ಮಕ್ಕಳಿಗೆ ಪಾಠ ಹೇಳಿದ್ದರೆ ಎಷ್ಟು ಮಕ್ಕಳು, ಎಷ್ಟು ದಿನ. ಅಂಕಿ ಅಂದರೆ ಬರೀ ಶೇಕಡಾ ಅಲ್ಲ. ‘6 ತಿಂಗಳು ಪ್ರತಿ ಶನಿವಾರ’ ಅನ್ನುವುದೂ ಅಂಕಿಯೇ. ಓದಿನ ವಿವರವನ್ನು ಮೇಲೆ ಇಡಿ. ಕೆಲಸದ ಅನುಭವ ಬಂದ ಮೇಲೆ ಅದು ಕೆಳಗೆ ಹೋಗುತ್ತದೆ.

ನೀಲಿಶಾಯಿ

ಪುಟದ ಬಗ್ಗೆ ಯಾರೂ ಹೇಳಲಿಲ್ಲ. ಒಂದೇ ಪುಟ. ಅದಕ್ಕಿಂತ ಒಂದು ಸಾಲೂ ಜಾಸ್ತಿ ಬೇಡ. ಎರಡನೇ ಪುಟ ಯಾರೂ ನೋಡುವುದಿಲ್ಲ.

ಶಾಂತಸಾಗರ

ಒಪ್ಪುವುದಿಲ್ಲ. ನನಗೆ 16 ವರ್ಷದ ಅನುಭವ. ಒಂದು ಪುಟಕ್ಕೆ ತುರುಕಲು ಹೋಗಿ ಅಕ್ಷರವನ್ನು 8 ಪಾಯಿಂಟಿಗೆ ಇಳಿಸಿದ್ದೆ. ಇಂಟರ್ವ್ಯೂಗೆ ಕೂತವರು ಕನ್ನಡಕ ಮೇಲೆ ಕೆಳಗೆ ಮಾಡಿ ಓದುತ್ತಿದ್ದರು. ಆಮೇಲೆ 11 ಪಾಯಿಂಟ್, 2 ಪುಟ ಮಾಡಿದೆ. ಯಾರೂ ಆಕ್ಷೇಪ ಮಾಡಲಿಲ್ಲ. ಹೊಸಬರಿಗೆ 1, ಅನುಭವಿಗಳಿಗೆ 2 ಸರಿ. ಪ್ರಾಧ್ಯಾಪಕರು, ಸಂಶೋಧಕರ ಕಥೆ ಬೇರೆ, ಅವರ ಪ್ರಕಟಣೆಗಳ ಪಟ್ಟಿಯೇ ಹಲವು ಪುಟ ಆಗುತ್ತದೆ. ಅಮೆರಿಕದಲ್ಲಿ ಆ ಉದ್ದದ್ದಕ್ಕೆ ಸಿವಿ ಅನ್ನುತ್ತಾರೆ, ಚಿಕ್ಕದಕ್ಕೆ ರೆಸ್ಯೂಮೆ ಅನ್ನುತ್ತಾರೆ. ಬ್ರಿಟನ್‌ನಲ್ಲಿ ಚಿಕ್ಕದಕ್ಕೂ ಸಿವಿ ಅಂತಲೇ ಕರೆಯುತ್ತಾರೆ. ಅರ್ಜಿಯಲ್ಲಿ ಯಾವುದನ್ನು ಕೇಳಿದ್ದಾರೆ ಅಂತ ನೋಡಿಕೊಳ್ಳಿ.

ಹೊಸದಾರಿ ಅವರೇ, ನಿಮ್ಮದು 4 ವರ್ಷ. ಒಂದು ಪುಟದಲ್ಲಿ ಆರಾಮಾಗಿ ಕೂರುತ್ತದೆ.

ದೂರದೇಶಿ

ಫೋಟೋ ವಿಷಯ ಅರ್ಜಿ ಹಾಕುವ ದೇಶದ ಮೇಲೆ ಹೋಗುತ್ತದೆ. ಅಮೆರಿಕ, ಬ್ರಿಟನ್‌ನಲ್ಲಿ ಫೋಟೋ ಹಾಕುವುದಿಲ್ಲ. ವಯಸ್ಸು, ಮದುವೆ, ಧರ್ಮ ಯಾವುದನ್ನೂ ಬರೆಯುವುದಿಲ್ಲ. ಜರ್ಮನಿಯಲ್ಲಿ ಫೋಟೋ ಹಾಕುವುದು ಮೊದಲಿನಿಂದ ರೂಢಿ. 2006ರಲ್ಲಿ ತಾರತಮ್ಯ ತಡೆಯುವ ಕಾನೂನು ಬಂದ ಮೇಲೆ ಕಂಪನಿಗಳು ಕಡ್ಡಾಯವಾಗಿ ಕೇಳುವ ಹಾಗಿಲ್ಲ, ಆದರೂ ತುಂಬಾ ಜನ ಹಾಕುತ್ತಾರೆ. ಜಪಾನಿನಲ್ಲಿ ರಿರೆಕಿಶೋ ಅಂತ ನಿಗದಿಯಾದ ನಮೂನೆಯೇ ಇದೆ. 2021ರಲ್ಲಿ ಅಲ್ಲಿನ ಸರ್ಕಾರ ಕೊಟ್ಟ ಹೊಸ ನಮೂನೆಯಲ್ಲಿ ಲಿಂಗದ ಖಾನೆ ತುಂಬಲೇಬೇಕು ಅಂತಿಲ್ಲ. ಯುರೋಪಿಯನ್ ಒಕ್ಕೂಟದ ಯುರೋಪಾಸ್ ಅನ್ನುವ ಸಿವಿ ನಮೂನೆ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ವೈಯಕ್ತಿಕ ವಿವರ ಯಾಕೆ ಕಡಿಮೆ ಇರಬೇಕು ಅನ್ನುವುದಕ್ಕೆ ಒಂದು ಪ್ರಯೋಗ ನೆನಪಾಗುತ್ತದೆ. ಬಾಸ್ಟನ್, ಶಿಕಾಗೋ ನಗರಗಳಲ್ಲಿ ಸುಮಾರು 5,000 ರೆಸ್ಯೂಮೆಗಳನ್ನು ಹೆಸರು ಬದಲಾಯಿಸಿ ಕಳಿಸಿ ನೋಡಿದ್ದರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಬಿಳಿಯರದ್ದು ಅನ್ನಿಸುವ ಹೆಸರುಗಳಿಗೆ ಕಪ್ಪು ಜನರದ್ದು ಅನ್ನಿಸುವ ಹೆಸರುಗಳಿಗಿಂತ 50% ಜಾಸ್ತಿ ಕರೆ ಬಂದಿತ್ತು. ಬರೀ ಹೆಸರಿಗೇ ಅಷ್ಟು ವ್ಯತ್ಯಾಸ. ಕೆಲಸಕ್ಕೆ ಸಂಬಂಧ ಇಲ್ಲದ ವಿವರವನ್ನು ನಾವಾಗಿಯೇ ಯಾಕೆ ಕೊಡಬೇಕು ಹೇಳಿ.

ಮತ್ತೆ ಶುರು

ಗ್ಯಾಪ್ ಬಗ್ಗೆ ನನ್ನ ಅನುಭವ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. ನನಗೆ 10 ತಿಂಗಳ ಗ್ಯಾಪ್ ಇತ್ತು. ಅದು ಕಾಣಬಾರದು ಅಂತ ತಿಂಗಳು ತೆಗೆದು ಬರೀ ವರ್ಷ ಹಾಕಿದೆ. ಇಂಟರ್ವ್ಯೂ ಚೆನ್ನಾಗಿ ನಡೆಯುತ್ತಿತ್ತು. ಕೊನೆಯಲ್ಲಿ ಅವರು ‘ಯಾವ ತಿಂಗಳು ಬಿಟ್ಟಿರಿ, ಯಾವ ತಿಂಗಳು ಸೇರಿದಿರಿ?’ ಅಂತ ಕೇಳಿದರು. ನಾನು ತಡವರಿಸಿದೆ. ಅವರು ಪೆನ್ನು ಕೆಳಗಿಟ್ಟದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಗ್ಯಾಪ್ ಇದ್ದದ್ದಕ್ಕೆ ಅವರು ಬೇಸರ ಮಾಡಿಕೊಳ್ಳಲಿಲ್ಲ. ಮುಚ್ಚಿಟ್ಟದ್ದಕ್ಕೆ ಮಾಡಿಕೊಂಡರು.

ಆಮೇಲೆ ಕೆಲಸಗಳ ಸಾಲಿನಲ್ಲೇ ‘ಕುಟುಂಬದ ಆರೈಕೆಗಾಗಿ ಬಿಡುವು’ ಅಂತ ತಿಂಗಳ ಸಮೇತ ಒಂದು ಸಾಲು ಬರೆದೆ. ಮುಂದೆ ಯಾರೂ ಅದರ ಬಗ್ಗೆ ಒಂದು ನಿಮಿಷಕ್ಕಿಂತ ಜಾಸ್ತಿ ಮಾತಾಡಲಿಲ್ಲ.

ಹೊಸದಾರಿ

ಇದನ್ನು ಓದಿ ಮನಸ್ಸು ಹಗುರ ಆಯಿತು. ನಾನೂ ಬರೀ ವರ್ಷ ಹಾಕಿದ್ದೆ. ಇವತ್ತೇ ಬದಲಾಯಿಸುತ್ತೇನೆ. ಆ ಸಮಯದಲ್ಲಿ ರಾತ್ರಿ ಹೊತ್ತು ಎಕ್ಸೆಲ್‌ನ ಒಂದು ಆನ್‌ಲೈನ್ ಕೋರ್ಸ್ ಮುಗಿಸಿದ್ದೆ, ಅದನ್ನೂ ಅಲ್ಲೇ ಸೇರಿಸಬಹುದಾ?

ಮತ್ತೆ ಶುರು

ಖಂಡಿತ ಸೇರಿಸಿ. ಆದರೆ ಕೋರ್ಸ್ ಮಾಡಿರಲೇಬೇಕು ಅಂತ ಏನಿಲ್ಲ. ಅಮ್ಮನನ್ನು ನೋಡಿಕೊಂಡದ್ದು ತಾನೇ ಸಾಕಷ್ಟು ದೊಡ್ಡ ಕಾರಣ.

ನೀಲಿಶಾಯಿ

ಕವರ್ ಲೆಟರ್ ಬಿಟ್ಟುಬಿಡಿ. ಸಮಯ ವ್ಯರ್ಥ. ಯಾರೂ ಓದುವುದಿಲ್ಲ.

ಅರ್ಜಿ ಓದುವವಳು

ನಾನು ಎಲ್ಲ ಕವರ್ ಲೆಟರ್ ಓದುತ್ತೇನೆ ಅಂದರೆ ಸುಳ್ಳಾಗುತ್ತದೆ. ಸಿವಿ ಚೆನ್ನಾಗಿ ಹೊಂದಿಕೊಂಡರೆ ಪತ್ರ ತೆರೆಯದೆಯೂ ಕರೆ ಮಾಡಿದ್ದೇನೆ. ಆದರೆ ಸಿವಿ ನೋಡಿ ‘ಇವರು ಇಲ್ಲಿಗೆ ಯಾಕೆ ಅರ್ಜಿ ಹಾಕಿದರು?’ ಅಂತ ಪ್ರಶ್ನೆ ಎದ್ದಾಗ ಪತ್ರ ತೆರೆಯುತ್ತೇನೆ. ಕ್ಷೇತ್ರ ಬದಲಾಯಿಸುವವರು, ಬಿಡುವು ತೆಗೆದುಕೊಂಡವರು, ಬೇರೆ ಊರಿನಿಂದ ಬರುವವರು. ಹೊಸದಾರಿ ಅವರಿಗೆ ಇದರಲ್ಲಿ ಎರಡು ಅನ್ವಯಿಸುತ್ತವೆ. ಅವರ ಪತ್ರವನ್ನು ನಾನು ಓದೇ ಓದುತ್ತೇನೆ.

ಪತ್ರಪ್ರಿಯ

ಕೆಲಸ ಕೇಳಿ ಬರೆದ ಹಳೆಯ ಪತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಲಿಯೊನಾರ್ಡೊ ಡಾ ವಿಂಚಿಯದ್ದು. 1480ರ ದಶಕದ ಆರಂಭದಲ್ಲಿ ಮಿಲಾನ್ ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾಗೆ ಬರೆದದ್ದು, ಕರಡು ಈಗಲೂ ಉಳಿದಿದೆ. ಆತ ಎಂಥ ಚಿತ್ರಕಾರ ಅಂತ ನಮಗೆಲ್ಲ ಗೊತ್ತು. ಆದರೆ ಪತ್ರ ಶುರುವಾಗುವುದು ಯುದ್ಧದ ಕೆಲಸದಿಂದ. ಹೊತ್ತೊಯ್ಯಬಹುದಾದ ಹಗುರ ಸೇತುವೆ ಕಟ್ಟಬಲ್ಲೆ, ಕಂದಕದ ನೀರು ತೆಗೆಯಬಲ್ಲೆ, ಫಿರಂಗಿ ಮಾಡಬಲ್ಲೆ ಅಂತ ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಚಿತ್ರ ಬರೆಯುವ ಮಾತು ಬರುವುದು ಕೊನೆಗೆ. ಓದುವವನಿಗೆ ಆಗ ಏನು ಬೇಕಿತ್ತು ಅಂತ ಯೋಚಿಸಿ ಬರೆದ ಪತ್ರ ಅದು.

ನಿಮ್ಮ ಪತ್ರದ ಮೊದಲ ಪ್ಯಾರಾ ಹಾಕುತ್ತೀರಾ?

ಹೊಸದಾರಿ

ಇದು: ‘ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಖಾಲಿ ಇರುವ ಹುದ್ದೆಗೆ ಈ ಮೂಲಕ ಅರ್ಜಿ ಸಲ್ಲಿಸುತ್ತಿದ್ದೇನೆ. ನಾನು ಪರಿಶ್ರಮಿ, ಎಲ್ಲರೊಡನೆ ಬೆರೆತು ಕೆಲಸ ಮಾಡುವವಳು, ಹೊಸದನ್ನು ಕಲಿಯುವ ಉತ್ಸಾಹ ಇರುವವಳು. ಒಂದು ಅವಕಾಶ ಕೊಟ್ಟರೆ ಸಂಸ್ಥೆಯ ಏಳಿಗೆಗೆ ಶಕ್ತಿಮೀರಿ ದುಡಿಯುತ್ತೇನೆ.’

ಪತ್ರಪ್ರಿಯ

ಇದರಲ್ಲಿ ಯಾವ ಕಂಪನಿ, ಯಾವ ಹುದ್ದೆ, ನೀವು ಯಾರು, ಮೂರೂ ಇಲ್ಲ. ಒಂದು ಜಾಹೀರಾತು ಆರಿಸಿಕೊಳ್ಳಿ. ಅವರ ತಲೆನೋವು ಯಾವುದು ಅಂತ ಹುಡುಕಿ. ಸಾಮಾನ್ಯವಾಗಿ ಜವಾಬ್ದಾರಿಗಳ ಪಟ್ಟಿಯ ಮೊದಲ ಒಂದೆರಡು ಸಾಲಿನಲ್ಲಿ ಅದು ಇರುತ್ತದೆ. ಅದರಿಂದ ಶುರು ಮಾಡಿ. ಆಮೇಲೆ ನೀವು ಅದನ್ನೇ ಮಾಡಿದ ಒಂದು ಪ್ರಸಂಗ ಹೇಳಿ. ಒಂದೇ ಸಾಕು. ಅರ್ಧ ಪುಟ ದಾಟಬಾರದು.

ಕೋಡುಬರಹ

ಎಐ ಬಳಸಿದರೆ ಎರಡು ನಿಮಿಷದ ಕೆಲಸ ಅಲ್ವಾ?

ಅರ್ಜಿ ಓದುವವಳು

ಬಳಸಬೇಡಿ ಅನ್ನುವುದಿಲ್ಲ. ಕಾಗುಣಿತ, ವ್ಯಾಕರಣ ನೋಡಲು ಒಳ್ಳೆಯದು. ಆದರೆ ಪೂರ್ತಿ ಅದರ ಕೈಗೆ ಕೊಟ್ಟ ಪತ್ರಗಳು ಒಂದರ ಪಕ್ಕ ಒಂದಿಟ್ಟರೆ ಅಣ್ಣತಮ್ಮಂದಿರ ಹಾಗೆ ಇರುತ್ತವೆ. ಕಪಾಟು ತೋರಿಸುವ ಎಕ್ಸೆಲ್ ಶೀಟಿನ ವಿಷಯ ಎಐಗೆ ಎಲ್ಲಿಂದ ಗೊತ್ತಿರಬೇಕು? ಅದು ಇವರು ಹೇಳಿದರೆ ಮಾತ್ರ ಬರುವಂಥದ್ದು. ನೀವು ಮಾಡದೇ ಇರುವ ಕೆಲಸವನ್ನು ಮಾಡಿದ ಹಾಗೆ ಸೇರಿಸಿಬಿಡುವುದೂ ಉಂಟು. ಸಾಲು ಸಾಲು ಪರೀಕ್ಷಿಸಿ.

ಹೊಸದಾರಿ

ಎರಡು ದಿನ ಕೂತು ಬರೆದೆ. ಸಿವಿ ಈಗ ಒಂದು ಪುಟ, ಒಂದೇ ಕಾಲಂ, ಫೋಟೋ ಇಲ್ಲ. ನೋಟ್‌ಪ್ಯಾಡ್‌ನಲ್ಲಿ ಸರಿಯಾಗಿ ಬರುತ್ತಿದೆ. ಪತ್ರ ಹೀಗಿದೆ:

‘ಎರಡು ಹೊಸ ಗೋದಾಮು ತೆರೆಯುತ್ತಿದ್ದೀರಿ, ಎರಡರಲ್ಲೂ ಸ್ಟಾಕ್ ಲೆಕ್ಕ ತಾಳೆಯಾಗುವಂತೆ ನೋಡಿಕೊಳ್ಳುವವರು ಬೇಕು ಎಂದು ನಿಮ್ಮ ಜಾಹೀರಾತಿನಲ್ಲಿ ಓದಿದೆ. 2,300 ಐಟಂ ಇದ್ದ ಗೋದಾಮಿನಲ್ಲಿ ನಾನು ಈ ಕೆಲಸ ಮಾಡಿದ್ದೇನೆ. ವರ್ಷಕ್ಕೊಮ್ಮೆ ನಡೆಯುತ್ತಿದ್ದ ಎಣಿಕೆಯ ಬದಲು ಸೈಕಲ್ ಕೌಂಟ್ ಶುರು ಮಾಡಿದೆ. ಪ್ರತಿದಿನ ಬೆಳಿಗ್ಗೆ ಯಾವ ಕಪಾಟು ಎಣಿಸಬೇಕು ಎಂದು ತೋರಿಸುವ ಶೀಟನ್ನು ನಾನೇ ಮಾಡಿದ್ದೆ. ತಾಳೆಯಾಗದ ಐಟಂಗಳು ಒಂದು ವರ್ಷದಲ್ಲಿ 9%ರಿಂದ 3%ಕ್ಕೆ ಇಳಿದವು.

ಆ ಎಣಿಕೆ ಮಾಡುವಾಗಲೇ ಯಾವ ಸಾಮಾನು ಯಾವಾಗ ಖಾಲಿಯಾಗುತ್ತದೆ ಎಂದು ಮೊದಲೇ ಅಂದಾಜು ಮಾಡುವುದು ನನಗೆ ಇಷ್ಟವಾಗತೊಡಗಿತು. ಅದಕ್ಕಾಗಿ ಪ್ಲಾನಿಂಗ್ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ತಾಯಿಯ ಆರೈಕೆಗಾಗಿ 14 ತಿಂಗಳು ಕೆಲಸದಿಂದ ಬಿಡುವು ಪಡೆದಿದ್ದೆ. ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧಳಿದ್ದೇನೆ. ಆ ಶೀಟಿನ ಮಾದರಿಯನ್ನು ಕೆಳಗಿನ ಲಿಂಕಿನಲ್ಲಿ ಇಟ್ಟಿದ್ದೇನೆ, ಭೇಟಿಯಲ್ಲಿ ವಿವರಿಸಲು ಸಂತೋಷ.’

ಪತ್ರಪ್ರಿಯ

ನಾನು ಒಂದು ಪದವನ್ನೂ ಮುಟ್ಟುವುದಿಲ್ಲ. ಕಳಿಸಿ.

ಅರ್ಜಿ ಓದುವವಳು

ತುಂಬಾ ಚೆನ್ನಾಗಿದೆ. ಇದು ನನ್ನ ಮೇಜಿಗೆ ಬಂದಿದ್ದರೆ ಅವತ್ತೇ ಫೋನ್ ಮಾಡುತ್ತಿದ್ದೆ.

ಕಳಿಸುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ಫೈಲಿನ ಹೆಸರು ‘ಸಿವಿ ಹೊಸದು ಫೈನಲ್ 2’ ಅಂತ ಇದ್ದರೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರು ಬರುವಂತೆ ಬದಲಾಯಿಸಿ. ಪತ್ರದಲ್ಲಿ ಹಿಂದಿನ ಕಂಪನಿಯ ಹೆಸರು ಎಲ್ಲಾದರೂ ಉಳಿದುಕೊಂಡಿದೆಯಾ ಅಂತ ಹುಡುಕಿ. ಶೀಟಿನ ಮಾದರಿಯಲ್ಲಿ ಹಳೇ ಮಾಲೀಕರ ನಿಜವಾದ ಸ್ಟಾಕ್, ಬೆಲೆ ಇದ್ದರೆ ತೆಗೆದು ಸುಳ್ಳು ಅಂಕಿ ಹಾಕಿ, ಅದು ಅವರ ಗುಟ್ಟು.

ಹೊಸದಾರಿ

ಅಯ್ಯೋ, ಶೀಟಿನಲ್ಲಿ ನಿಜವಾದ ಬೆಲೆಗಳೇ ಇದ್ದವು. ನೀವು ಹೇಳದಿದ್ದರೆ ಹಾಗೇ ಹೋಗುತ್ತಿತ್ತು. ಈಗ ತೆಗೆದೆ. ಫೈಲಿನ ಹೆಸರೂ ಬದಲಾಯಿಸಿದೆ. ಇವತ್ತು ಮೂರು ಕಡೆ ಕಳಿಸಿದ್ದೇನೆ, ಮೂರಕ್ಕೂ ಪತ್ರ ಬೇರೆ ಬೇರೆ. ಒಂದೊಂದಕ್ಕೆ ಒಂದೂವರೆ ಗಂಟೆ ಹಿಡಿಯಿತು.

ಕೋಡುಬರಹ

ಆ ಲಿಂಕನ್ನು ನಿಮ್ಮ ಖಾತೆಯಿಂದ ಲಾಗ್‌ಔಟ್ ಆಗಿ ಒಮ್ಮೆ ಒತ್ತಿ ನೋಡಿ. ‘ಅನುಮತಿ ಬೇಕು’ ಅಂತ ಬಂದರೆ ಅವರಿಗೂ ಹಾಗೇ ಬರುತ್ತದೆ.

ಹೊಸದಾರಿ

ಹಾಗೇ ಬಂತು! ಈಗ ಸರಿ ಮಾಡಿದೆ. ತೆರೆಯುತ್ತಿದೆ.